ಮಿಗಕ್ಕೆ ಯಾವ ಕೋವಿ, ಕೋವಿಗೆ ಯಾವ ತೋಟಾ?



ನವೆಂಬರ್ ತಿಂಗಳು ಬಂತೆಂದರೆ ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳ ಆಫೀಸುಗಳಲ್ಲಿ ಒಂದಷ್ಟು ಕುರ್ಚಿಗಳು ಖಾಲಿಯಾಗುತ್ತವೆ. ಮಿಶಿಗನ್ನಿನಲ್ಲಿ ಕೋವಿ ಹಿಡಿದು ಜಿಂಕೆಬೇಟೆಗೆ ಹೊರಡುವ ಮೊದಲ ದಿನ ನವೆಂಬರ್ 15. ಅಲ್ಲಿಯವರಿಗೆ ಅದೊಂದು ಹಬ್ಬವೇ ಸರಿ. ಕಾಫಿ ಯಂತ್ರದ ಬಳಿ ನಿಂತವರು .270 ಒಳ್ಳೆಯದೋ, ಅಪ್ಪನ ಕಾಲದ .30-30 ಸಾಕೋ ಎಂದು ವಾದ ಮಾಡುವಾಗ ನಮ್ಮಂಥ ಅನಿವಾಸಿಗಳು ಕಪ್ಪು ತುಂಬಿಸಿಕೊಂಡು ಮೆಲ್ಲನೆ ಜಾಗ ಖಾಲಿ ಮಾಡುವುದು ವಾಡಿಕೆ. ಇದು ನಮ್ಮ ಲೋಕದ ಮಾತಲ್ಲ ಎಂಬುದು ನಮ್ಮ ಭಾವನೆ.

ನಿಜಕ್ಕೂ ಈ ಅಂಕಿಗಳು ನಮಗೆ ಅಪರಿಚಿತವಲ್ಲ. ತೇಜಸ್ವಿಯವರ ಕೈಯಲ್ಲಿ ಕನ್ನಡಕ್ಕೆ ಬಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಕತೆಗಳನ್ನು ನಿದ್ದೆಗೆಟ್ಟು ಓದಿದವರು ನಾವು. ಆಂಡರ್ಸನ್ ಹೆಗಲೇರಿದ್ದ .405, ಕಾರ್ಬೆಟ್ ಕೈಯಲ್ಲಿದ್ದ .275 ಬೀಜಾಕ್ಷರಗಳ ಹಾಗೆ ನಮ್ಮ ಕಣ್ಣಮುಂದೆ ಹಾದುಹೋಗಿವೆ. ಮಂತ್ರಕ್ಕೆ ಅರ್ಥ ಕೇಳಬಾರದೆಂಬಂತೆ ನಾವೂ ಕೇಳದೆ ಪುಟ ತಿರುಗಿಸಿದ್ದೇವೆ.

ಈ ಸಲ ಕೇಳೋಣ. ಇಂಥ ಮಿಗಕ್ಕೆ ಇಂಥ ಕೋವಿ, ಇಂಥ ತೋಟಾ ಎಂದು ಆರಿಸಿಕೊಳ್ಳುವುದರ ಹಿಂದೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ವಲಸೆಯಿದೆ, ಯುದ್ಧಗಳಿವೆ, ಸರ್ಕಾರಗಳ ಹೆದರಿಕೆಯಿದೆ. ಎಲ್ಲದರ ತಳದಲ್ಲಿ ಒಂದೇ ಪ್ರಶ್ನೆ: ಗುಂಡು ತಗುಲಿದ ಪ್ರಾಣಿ ಎಷ್ಟು ಹೊತ್ತು ನರಳಬೇಕು?

ಮೊದಲು ಅಂಕಿಗಳ ಗಂಟು ಬಿಚ್ಚೋಣ. ನಳಿಗೆಯ ಒಳವ್ಯಾಸವನ್ನು ಅಂಗುಲದ ದಶಾಂಶದಲ್ಲಿ ಹೇಳುವುದು ಕ್ಯಾಲಿಬರ್. .30 ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು. ಇಷ್ಟಾದರೆ ಸುಲಭವಿತ್ತು. ಆದರೆ ತೋಟಾಗಳಿಗೆ ಹೆಸರಿಟ್ಟವರು ಒಂದು ವ್ಯಾಕರಣಕ್ಕೆ ಕಟ್ಟುಬಿದ್ದವರಲ್ಲ. .30-30ರ ಎರಡನೆಯ ಮೂವತ್ತು ಮದ್ದಿನ ತೂಕ. .30-06ರ 06 ಎಂಬುದು 1906ನೇ ಇಸವಿ. .250-3000ರಲ್ಲಿ 3000 ಎಂದರೆ ಗುಂಡು ಸೆಕೆಂಡಿಗೆ ಕ್ರಮಿಸುವ ಅಡಿಗಳು. .450/400 ಎಂದರೆ .450ರ ತೋಟಾದ ಕತ್ತನ್ನು ಹಿಸುಕಿ .400ರ ಗುಂಡು ಕೂರಿಸಿದ್ದು. ನಮ್ಮ ಮಲೆನಾಡಿನ ಜೋಡುನಳಿಗೆ ಕೋವಿಯ 12-ಬೋರ್ ಇನ್ನೊಂದು ಬಗೆ: ಆ ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡಾದರೆ ಒಂದು ಪೌಂಡು. ಅಂಕಿ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಕಾಲದವರು ಆನೆಗೆಂದು ಹೊರುತ್ತಿದ್ದ 4-ಬೋರ್ ಬಂದೂಕಿನ ಒಂದೊಂದು ಉಂಡೆಯೂ ಕಾಲು ಪೌಂಡು!

ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಧಾನ್ಯದ ಕಾಳು. ಏಳು ಸಾವಿರ ಗ್ರೇನಿಗೆ ಒಂದು ಪೌಂಡು. ಅಕ್ಕಸಾಲಿಗನ ಗುಲಗಂಜಿಯ ಲೆಕ್ಕ ಕಂಡ ನಮಗೆ ಇದು ಹೊಸದಲ್ಲ. ಜಿಂಕೆಗೆ ಹೊಡೆಯುವ 150 ಗ್ರೇನಿನ ಗುಂಡು ಸುಮಾರು ಎಂಬತ್ತು ಗುಲಗಂಜಿ ತೂಗುತ್ತದೆ. ಹತ್ತು ಗ್ರಾಮಿಗೂ ತುಸು ಕಡಿಮೆ.

ಅಮೆರಿಕದ ಬೇಟೆಕೋವಿಯ ಕತೆ ಶುರುವಾಗುವುದು ನಮ್ಮಂತೆ ಪರದೇಶಕ್ಕೆ ಬಂದವರಿಂದಲೇ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜರ್ಮನ್ ನಾಡುಗಳಿಂದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ಬಂದು ನೆಲೆಸಿದ ಕೋವಿ ಕಮ್ಮಾರರು ತಮ್ಮ ಊರಿನ ಯೇಗರ್ ರೈಫಲ್ಲಿನ ವಿದ್ಯೆಯನ್ನು ಜೊತೆಗೆ ತಂದರು. ಯೇಗರ್ ಎಂದರೆ ಬೇಟೆಗಾರ. ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿದ್ದು, ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುವಂತೆ ಮಾಡುವುದು ರೈಫಲ್ಲಿನ ಗುಟ್ಟು. ಯೇಗರ್ ಗಿಡ್ಡ ನಳಿಗೆಯ, ದಪ್ಪ ಗುಂಡಿನ ಕೋವಿ. ಹೊಸ ನಾಡಿನ ಕಾಡಂಚಿನಲ್ಲಿ ಮದ್ದೂ ಸೀಸವೂ ದುರ್ಲಭ. ಹೊತ್ತು ನಡೆಯಬೇಕಾದ ದೂರ ಬಹಳ. ಹಾಗಾಗಿ ತಲೆಮಾರು ಕಳೆಯುವಷ್ಟರಲ್ಲಿ ನಳಿಗೆ ಉದ್ದವಾಯಿತು, ಗುಂಡು ಸಣ್ಣದಾಯಿತು. .60ರ ಉಂಡೆಗಳಾದರೆ ಒಂದು ಪೌಂಡು ಸೀಸಕ್ಕೆ ಇಪ್ಪತ್ತೊಂದೋ ಇಪ್ಪತ್ತೆರಡೋ; .45ರ ಉಂಡೆಗಳಾದರೆ ಐವತ್ತು. ಮುಂದೆ ಕೆಂಟಕಿ ರೈಫಲ್ ಎಂದು ಹೆಸರಾದದ್ದು ಇದೇ. ತವರಿನ ವಿದ್ಯೆ ಹೊಸ ನೆಲದ ಬಡತನಕ್ಕೆ ಹೊಂದಿಕೊಂಡ ರೀತಿ ಇದು. ನಮ್ಮ ಅಡುಗೆಮನೆಗಳಲ್ಲೂ ಇಂಥ ಹೊಂದಾಣಿಕೆಗಳು ನಡೆದಿವೆಯಲ್ಲವೆ?

ಹೀಗೆ ಮೊದಲ ಆಯ್ಕೆಯನ್ನು ನಿರ್ಧರಿಸಿದ್ದು ಮಿತವ್ಯಯ. ಮಿಗದ ನೋವಿನ ಮಾತು ಇನ್ನೂ ಬಂದಿರಲಿಲ್ಲ. ಜನ ಪಶ್ಚಿಮದ ಬಯಲಿಗೆ ನುಗ್ಗಿದಾಗ ಕಾಡೆಮ್ಮೆಯಂಥ ಬೈಸನ್‌ಗಳಿಗೆ ಸಣ್ಣ ಗುಂಡು ಸಾಲದೆ ಮತ್ತೆ ನಳಿಗೆಗಳು ದಪ್ಪನಾದವು. 1870ರ ದಶಕದಲ್ಲಿ ಶಾರ್ಪ್ಸ್‌ನಂಥ ಭಾರಿ ರೈಫಲ್‌ಗಳು ಚರ್ಮದ ವ್ಯಾಪಾರಕ್ಕಾಗಿ ಬೈಸನ್ ಹಿಂಡುಗಳನ್ನು ಮಲಗಿಸಿದವು. ಕೋಟಿಗಳಲ್ಲಿದ್ದ ಪ್ರಾಣಿ 1889ರಲ್ಲಿ ವಿಲಿಯಂ ಹಾರ್ನಡೇ ಲೆಕ್ಕ ಹಾಕುವ ಹೊತ್ತಿಗೆ ಸಾವಿರದ ಚಿಲ್ಲರೆಗೆ ಇಳಿದಿತ್ತು. ಒಳ್ಳೆಯ ಕೋವಿ ಒಳ್ಳೆಯ ಬೇಟೆಗಾರನನ್ನು ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ದೊಡ್ಡ ತಿರುವು ಬಂದದ್ದು ಫ್ರಾನ್ಸಿನಿಂದ. 1884ರಲ್ಲಿ ಪೌಲ್ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಹಳೆಯ ಕರಿಮದ್ದು ಸಿಡಿದರೆ ಮುಂದೆ ಮೋಡ ಕವಿದಂತೆ ಹೊಗೆ. ಮಿಗ ಬಿತ್ತೋ ಓಡಿತೋ ಕಾಣುವುದಿಲ್ಲ. ಹೊಸ ಮದ್ದು ಹೊಗೆಯನ್ನು ಕಳೆದದ್ದಲ್ಲದೆ ಗುಂಡಿನ ವೇಗವನ್ನೂ ಬಹಳ ಹೆಚ್ಚಿಸಿತು. ಚಲನಶಕ್ತಿ ತೂಕದ ಜೊತೆ ಸಮನಾಗಿ ಏರಿದರೆ, ವೇಗದ ಜೊತೆ ವರ್ಗವಾಗಿ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿದೆಯಲ್ಲ? ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಅಂದ ಮೇಲೆ ಹೆಬ್ಬೆರಳ ಗಾತ್ರದ ಗುಂಡು ಏಕೆ ಬೇಕು?

1895ರಲ್ಲಿ ವಿಂಚೆಸ್ಟರ್ ಕಂಪನಿ, ಜಾನ್ ಬ್ರೌನಿಂಗ್ ರೂಪಿಸಿದ ತನ್ನ 1894ನೇ ಮಾದರಿಯ ರೈಫಲ್ಲಿಗೆ .30-30 ತೋಟಾವನ್ನು ಕೊಟ್ಟಿತು. ಹೊಗೆಯಿಲ್ಲದ ಮದ್ದಿನ, ಸಣ್ಣ ಕ್ಯಾಲಿಬರಿನ ಬೇಟೆ ತೋಟಾ ಅಮೆರಿಕದ ಅಂಗಡಿಗಳಿಗೆ ಬಂದದ್ದು ಇದರೊಂದಿಗೆ. ಹಗುರ, ಚುರುಕು, ಬಡ ರೈತನ ಕೈಗೂ ಎಟಕುವ ಬೆಲೆ. ನ್ಯೂ ಹೇವನ್ನಿನ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕುವಷ್ಟರಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ರೈಫಲ್‌ಗಳು ಈ ಮಾದರಿಯಲ್ಲಿ ತಯಾರಾಗಿದ್ದವು. ಆದರೆ ಇದಕ್ಕೊಂದು ಮಿತಿಯಿತ್ತು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಕೂರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನ ತೋಟಾದ ಕೇಪಿಗೆ ಕುಟ್ಟಿ ಸಿಡಿಯುವ ಅಪಾಯ. ಹಾಗಾಗಿ ಮೊಂಡು ಮೂತಿ. ಮೊಂಡು ಗುಂಡಿಗೆ ಗಾಳಿಯ ತಡೆ ಹೆಚ್ಚು. 100 ಗಜಕ್ಕೆ ಗುರಿ ಸರಿಪಡಿಸಿದ ಕೋವಿಯಲ್ಲಿ 200 ಗಜ ತಲುಪುವಷ್ಟರಲ್ಲಿ ಗುಂಡು ಏಳೆಂಟು ಅಂಗುಲ ಕೆಳಗಿಳಿದಿರುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಪುಪ್ಪುಸಗಳಿರುವ ಜಾಗ ಊಟದ ಸಣ್ಣ ತಟ್ಟೆಯಷ್ಟು. ಏಳೆಂಟು ಅಂಗುಲ ತಪ್ಪಿತೆಂದರೆ ಮುಂಗಾಲು ಮುರಿಯುತ್ತದೆ, ಇಲ್ಲವೆ ಹೊಟ್ಟೆ ಹರಿಯುತ್ತದೆ. ಪ್ರಾಣ ಮಾತ್ರ ಹೋಗುವುದಿಲ್ಲ.

ಮುಂದಿನ ಹೆಜ್ಜೆ ಯುದ್ಧಭೂಮಿಯದು. 1898ರಲ್ಲಿ ಕ್ಯೂಬಾದಲ್ಲಿ ಸ್ಪ್ಯಾನಿಷ್ ಸೈನಿಕರ ಕೈಯಲ್ಲಿದ್ದ 7 ಮಿಲಿಮೀಟರಿನ ಜರ್ಮನ್ ಮೌಸರ್ ರೈಫಲ್‌ಗಳ ಏಟು ತಿಂದ ಅಮೆರಿಕ, ಮೌಸರ್ ಮಾದರಿಯನ್ನೇ ಅನುಸರಿಸಿ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನೂ, 1906ರಲ್ಲಿ ಅದರ ತೋಟಾವನ್ನೂ ಸಿದ್ಧಪಡಿಸಿತು. ಮೊದಲ ಮಹಾಯುದ್ಧದಿಂದ ಮರಳಿದ ರೈತರ ಮಕ್ಕಳು ಕಂದಕದಲ್ಲಿ ಕೈಗೆ ಒಗ್ಗಿದ .30-06ನ್ನು ಕಾಡಿಗೂ ಒಯ್ದರು. ಎರಡನೆಯ ಮಹಾಯುದ್ಧದ ನಂತರ ಹೊಸ ಸೇನಾ ತೋಟಾದ ಪ್ರಯೋಗಗಳಿಂದ ಹುಟ್ಟಿದ .308 ವಿಂಚೆಸ್ಟರ್ 1952ರಲ್ಲಿ ಅಂಗಡಿಗೆ ಬಂತು. ಜಿಂಕೆಬೇಟೆಯ ತೋಟಾಗಳ ವಂಶವೃಕ್ಷ ಹಿಡಿದು ಹಿಂದೆ ಹೋದರೆ ಹೆಚ್ಚಿನವು ಯಾವುದೋ ಸೇನೆಯ ಉಗ್ರಾಣದಲ್ಲಿ ಹೋಗಿ ನಿಲ್ಲುತ್ತವೆ.

ಇಲ್ಲೊಂದು ವಿಚಿತ್ರವಿದೆ. ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ, ಗುಂಡಿನ ತುದಿಯಲ್ಲಿ ಲೋಹದ ಕವಚ ತೆಗೆದು ಮೆತ್ತನೆಯ ಸೀಸ ಕಾಣುವಂತೆ ಮಾಡಿಸಿದ. ಅಂಥ ಗುಂಡು ಮೈಹೊಕ್ಕೊಡನೆ ಅಣಬೆಯಂತೆ ಅರಳಿ ಭೀಕರ ಗಾಯ ಮಾಡುತ್ತದೆ. 1899ರ ಹೇಗ್ ಸಮ್ಮೇಳನ ಇದನ್ನು ಅಮಾನುಷವೆಂದು ಯುದ್ಧದಲ್ಲಿ ನಿಷೇಧಿಸಿತು. ಆದರೆ ಬ್ರಿಟನ್ನಿನ 1963ರ ಜಿಂಕೆ ಕಾಯಿದೆ ಏನು ಹೇಳಿತು? ಜಿಂಕೆಗೆ ಹೊಡೆಯುವ ರೈಫಲ್ ಗುಂಡು ಮೆತ್ತನೆಯ ಮೂತಿಯದೋ ಟೊಳ್ಳು ಮೂತಿಯದೋ ಆಗಿರಲೇಬೇಕು ಎಂದು! ಅಮೆರಿಕದ ಅನೇಕ ರಾಜ್ಯಗಳೂ ಪೂರ್ತಿ ಕವಚದ ಸೇನಾ ಗುಂಡನ್ನು ಜಿಂಕೆಬೇಟೆಯಲ್ಲಿ ನಿಷೇಧಿಸಿವೆ. ಮನುಷ್ಯನಿಗೆ ನಿಷಿದ್ಧವಾದದ್ದು ಮಿಗಕ್ಕೆ ಕಡ್ಡಾಯ, ಎರಡೂ ಕರುಣೆಯ ಹೆಸರಿನಲ್ಲೇ. ಯೋಚಿಸಿದರೆ ತರ್ಕ ತಿಳಿಯುತ್ತದೆ. ಗಾಯಗೊಂಡ ಸೈನಿಕನನ್ನು ಆಸ್ಪತ್ರೆಗೆ ಹೊತ್ತೊಯ್ಯುವವರಿದ್ದಾರೆ. ಅವನು ಬದುಕಲಿ ಎಂಬುದು ಆಸೆ. ಗಾಯಗೊಂಡ ಮಿಗಕ್ಕೆ ಯಾರೂ ಇಲ್ಲ. ಅದಕ್ಕೆ ತೋರಬಹುದಾದ ಒಂದೇ ದಯೆ ತಕ್ಷಣದ ಸಾವು.

ಭಾರತದಲ್ಲಿ ಕೋವಿಯ ಆಯ್ಕೆಯನ್ನು ಬಹುಪಾಲು ನಿರ್ಧರಿಸಿದ್ದು ಸರ್ಕಾರದ ಭಯ. 1907ರ ಸುಮಾರಿಗೆ ಬ್ರಿಟಿಷರು .450 ಕ್ಯಾಲಿಬರಿನ ತೋಟಾಗಳು ಭಾರತಕ್ಕೆ ಬರದಂತೆ ತಡೆದರು; ದಂಗೆಯೇಳುವವರ ಕೈಯಲ್ಲಿದ್ದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಅವು ಒದಗೀತೆಂಬ ಅಂಜಿಕೆ. ಲಂಡನ್ನಿನ ಕೋವಿ ತಯಾರಕರು ಸುಮ್ಮನೆ ಕೂರಲಿಲ್ಲ. .465, .470, .475 ಎಂದು ಕೂದಲೆಳೆಯ ಅಂತರದ ಹೊಸ ತೋಟಾಗಳನ್ನು ತಂದರು. ಸೇನೆಯ .303 ಸಹ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಅದಕ್ಕಾಗಿಯೇ ಇಂದಿಗೂ ನಮ್ಮ ದೇಶದ ಆರ್ಡನೆನ್ಸ್ ಕಾರ್ಖಾನೆಯ ನಾಗರಿಕ ರೈಫಲ್ .315 ಎಂಬ ಬೇರೆಲ್ಲೂ ಅಷ್ಟಾಗಿ ಕಾಣದ ಅಳತೆಯದು. ಅದರ ಮೂಲ ಆಸ್ಟ್ರಿಯಾದ ಹಳೆಯ ಮ್ಯಾನ್ಲಿಕರ್ ಸೇನಾ ತೋಟಾ.

ಮಲೆನಾಡಿನ ಈಡುಗಾರನಿಗೆ ಇದಾವುದೂ ದಕ್ಕುವಂಥದಲ್ಲ. ಅವನದು ಕೇಪಿನ ಕೋವಿ, ಹೆಚ್ಚೆಂದರೆ ಚರೆ ತುಂಬಿದ ತೋಟಾ ಹಾರಿಸುವ 12-ಬೋರ್. ಹಳುವಿನಲ್ಲಿ ಮಿಗ ಕಾಣುವುದೇ ಇಪ್ಪತ್ತು ಮೂವತ್ತು ಗಜದಲ್ಲಿ. ಅಷ್ಟಕ್ಕೆ ಅದು ಸರಿಯೇ. ನಲವತ್ತು ಗಜ ದಾಟಿದರೆ ಚರೆ ಚದುರಿ, ಕಡವೆಯ ಮೈಯಲ್ಲಿ ಒಂದೆರಡು ಕಾಳು ಉಳಿದು, ಅದು ದಿನಗಟ್ಟಲೆ ಕೊಳೆತು ಸಾಯುತ್ತದೆ. ಕೈಗೆ ಸಿಕ್ಕ ಕೋವಿಯನ್ನೇ ಎಲ್ಲಕ್ಕೂ ಬಳಸಬೇಕಾದ ನಾಡಿನಲ್ಲಿ ಇಂಥ ಗಾಯಗಳು ಎಷ್ಟೋ.

ಆ ಗಾಯ ತಿರುಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಚಂಪಾವತದ ಹೆಣ್ಣುಹುಲಿಯೇ ಸಾಕ್ಷಿ. ನೇಪಾಳ ಮತ್ತು ಕುಮಾವೂನ್‌ಗಳಲ್ಲಿ 436 ಮಂದಿಯನ್ನು ಕೊಂದದ್ದೆಂದು ಲೆಕ್ಕವಿರುವ ಈ ಹುಲಿಯನ್ನು ಕಾರ್ಬೆಟ್ 1907ರಲ್ಲಿ ಹೊಡೆದ. ಸತ್ತ ಹುಲಿಯ ಬಾಯಿ ತೆರೆದು ನೋಡಿದರೆ ಬಲಭಾಗದ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ತಗುಲಿದ ಗುಂಡಿನ ಫಲ ಅದು, ಸಹಜ ಬೇಟೆಯಾಡಲಾಗದೆ ಅದು ಮನುಷ್ಯರ ಮೇಲೆ ಬಿದ್ದಿತು ಎಂದು ಕಾರ್ಬೆಟ್ ಬರೆದಿದ್ದಾನೆ. ಯಾರೋ ಎಲ್ಲಿಂದಲೋ ಹಾರಿಸಿ, ತಪ್ಪಿ, ಹಿಂಬಾಲಿಸದೆ ಮನೆಗೆ ಹೋದ ಒಂದು ಈಡು. ಅದರ ಬೆಲೆ ತೆತ್ತವರು ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದ ಹೆಂಗಸರು.

ಆ ಹುಲಿಯನ್ನು ಹೊಡೆದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಕೊಟ್ಟದ್ದೇ .275 ರಿಗ್ಬಿ ರೈಫಲ್. ಹೆಸರು ಇಂಗ್ಲಿಷಿನದಾದರೂ ತೋಟಾ ಅದೇ ಜರ್ಮನ್ ಮೌಸರ್‌ನ 7 ಮಿಲಿಮೀಟರಿನದು. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಕತ್ತಲಲ್ಲಿ ಬಿದ್ದದ್ದು ಇದೇ ಹಗುರ ರೈಫಲ್ಲಿನ ಗುಂಡಿಗೆ. ಆಫ್ರಿಕಾದಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನು ಇದೇ ತೋಟಾದಿಂದ ನೂರಾರು ಆನೆಗಳನ್ನು ಹೊಡೆದ. ಆನೆಯ ತಲೆಬುರುಡೆ ಕೊಯ್ದು ಮಿದುಳು ಎಲ್ಲಿದೆಯೆಂದು ಮೊದಲು ಕಲಿತುಕೊಂಡಿದ್ದ. ಅಷ್ಟೊಂದು ಆನೆಗಳ ಲೆಕ್ಕ ಇಂದು ನಮಗೆ ಸಂಕಟ ತರುತ್ತದೆ. ಆದರೆ ಗಾತ್ರಕ್ಕಿಂತ ಗುಂಡು ತಗುಲುವ ಜಾಗ ಮುಖ್ಯವೆಂಬ ಪಾಠವನ್ನು ಅಲ್ಲಗಳೆಯಲಾಗದು. ನಮ್ಮ ಬೆಂಗಳೂರಿನ ಆಂಡರ್ಸನ್‌ನದು ಇನ್ನೊಂದು ದಾರಿ. ಅವನ .405 ವಿಂಚೆಸ್ಟರ್ 300 ಗ್ರೇನಿನ ದಪ್ಪ ಗುಂಡಿನದು. 1909ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಒಯ್ದದ್ದೂ ಅದೇ ತೋಟಾದ ರೈಫಲ್. ದೂರಕ್ಕೆ ಅಷ್ಟೇನೂ ಒಳ್ಳೆಯದಲ್ಲ. ಆದರೆ ಪೊದೆಯಿಂದ ಹುಲಿ ಹಾರುವ ದೂರ ಹತ್ತಿಪ್ಪತ್ತು ಗಜ. ಆ ಕಾಡಿಗೆ, ಆ ಕೆಲಸಕ್ಕೆ ಅದು ಸರಿಯಾದ ಆಯ್ಕೆ.

ಇದೇ ಜಗಳ ಅಮೆರಿಕದ ಪತ್ರಿಕೆಗಳಲ್ಲಿ ದಶಕಗಳ ಕಾಲ ನಡೆಯಿತು. ಒಂದು ಕಡೆ ಎಲ್ಮರ್ ಕೀತ್: ಗುಂಡು ದಪ್ಪವಿರಬೇಕು, ಭಾರವಿರಬೇಕು ಎನ್ನುವವನು. ಇನ್ನೊಂದು ಕಡೆ ಜಾಕ್ ಓಕಾನರ್: 1925ರಲ್ಲಿ ಬಂದ .270 ವಿಂಚೆಸ್ಟರಿನ ಕಟ್ಟಾ ವಕೀಲ. 130 ಗ್ರೇನಿನ ಸಣ್ಣ ಗುಂಡು, ಸೆಕೆಂಡಿಗೆ 3,000 ಅಡಿಗೂ ಮೀರಿದ ವೇಗ, ನೇರ ಹಾದಿ. ನಮ್ಮ ಬಳಗದವರಿಗೆ ಇಷ್ಟವಾಗುವ ಸಂಗತಿಯೆಂದರೆ ಓಕಾನರ್ ಅರಿಜೋನ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದವನು, ಕೋವಿಯ ಬಗ್ಗೆ ಬರೆದು ಹೆಸರಾಗುವ ಮೊದಲು ಕಾದಂಬರಿ ಬರೆದವನು. .270 ಇಂದಿಗೂ ಜನಪ್ರಿಯವಾಗಿರುವುದರಲ್ಲಿ ಮದ್ದಿನ ಪಾಲಿನಷ್ಟೇ ಅವನ ಗದ್ಯದ ಪಾಲೂ ಇದೆಯೆಂದರೆ ತಪ್ಪಾಗದು.

ವಾದ ತೀರದಿದ್ದರೂ ಕಾಯಿದೆಗಳು ಒಂದು ಗೆರೆ ಎಳೆದವು. ಇಂಗ್ಲೆಂಡಿನ ಕಾನೂನು ದೊಡ್ಡ ಜಿಂಕೆಗಳಿಗೆ ಕನಿಷ್ಠ .240 ಕ್ಯಾಲಿಬರ್, 1,700 ಅಡಿ-ಪೌಂಡು ಶಕ್ತಿ ಬೇಕೆನ್ನುತ್ತದೆ. ಜರ್ಮನಿಯಲ್ಲಿ ಪುಟ್ಟ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ 1,000 ಜೌಲ್. ಕೆಂಪು ಜಿಂಕೆ, ಕಾಡುಹಂದಿಗಳಿಗೆ 6.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಕ್ಯಾಲಿಬರ್, 2,000 ಜೌಲ್. ಬೇಟೆಗಾರನ ಅಭಿರುಚಿಗೆ ಬಿಟ್ಟಿದ್ದ ಮಾತು ಹೀಗೆ ಮಿಗದ ಹಕ್ಕಿನಂತಾಯಿತು: ನನ್ನನ್ನು ಕೊಲ್ಲುವುದಾದರೆ ಇಷ್ಟಕ್ಕಿಂತ ಕಡಿಮೆಯದರಲ್ಲಿ ಕೊಲ್ಲಬೇಡ.

ಈ ಪ್ರಜ್ಞೆ ಬರುವ ಮೊದಲು ಅಮೆರಿಕ ಬಹಳ ಕಳೆದುಕೊಂಡಿತ್ತು. ಇಂದು ನಮ್ಮ ಹಿತ್ತಲಿನ ಗುಲಾಬಿ ಮೇಯುವ ಬಿಳಿಬಾಲದ ಜಿಂಕೆ 1900ರ ಹೊತ್ತಿಗೆ ದೇಶದಲ್ಲೆಲ್ಲ ಸೇರಿ ಐದು ಲಕ್ಷಕ್ಕೂ ಕಡಿಮೆ ಉಳಿದಿತ್ತೆಂಬ ಅಂದಾಜಿದೆ. ಆ ವರ್ಷವೇ ಬಂದ ಲೇಸಿ ಕಾಯಿದೆ ಕದ್ದು ಹೊಡೆದ ಬೇಟೆಯ ಅಂತರರಾಜ್ಯ ವ್ಯಾಪಾರಕ್ಕೆ ತಡೆಹಾಕಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟಿತು. ಇಂದು ರೈಫಲ್ ಹಾಗೂ ತೋಟಾಗಳ ಮೇಲೆ ಅದು ಶೇಕಡಾ 11. ಈಗ ಆ ಜಿಂಕೆಗಳ ಸಂಖ್ಯೆ ಮೂರು ಕೋಟಿಯ ಆಸುಪಾಸು. ತೋಳವಿಲ್ಲದ ಊರಂಚಿನಲ್ಲಿ ತೋಳದ ಕೆಲಸವನ್ನು ನವೆಂಬರಿನ ಬೇಟೆಗಾರ ಮಾಡುತ್ತಾನೆ.

ಭಾರತ ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತು, 1991ರ ತಿದ್ದುಪಡಿ ಪರವಾನಗಿಯ ಬೇಟೆಯ ಬಾಗಿಲನ್ನೂ ಮುಚ್ಚಿತು. ನಮ್ಮ ಕಾಡುಗಳ ಸ್ಥಿತಿ ಕಂಡವರಿಗೆ ಅದು ಸರಿಯೆಂದೇ ತೋರುತ್ತದೆ. ಕೊಡಗಿನಲ್ಲಿ ಮಾತ್ರ ಬೇಟೆ ನಿಂತರೂ ಕೋವಿ ಉಳಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೊಲ್ಲದೆಯೂ ಕೋವಿಯನ್ನು ಗೌರವದಿಂದ ಇಟ್ಟುಕೊಳ್ಳಬಹುದೆಂದು ತೋರಿಸಿದ ನಾಡು ಅದು.

ಅಮೆರಿಕದಲ್ಲಿ ಆಯ್ಕೆಯ ಮಾತು ಈಗ ಮತ್ತೊಂದು ಮಗ್ಗುಲಿಗೆ ಹೊರಳಿದೆ. ಅರಳಿದ ಸೀಸದ ಗುಂಡು ಚೂರುಚೂರಾಗಿ ಮಿಗದ ಕರುಳಿನಲ್ಲಿ ಉಳಿಯುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳನ್ನು ತಿಂದ ಕಾಂಡರ್ ರಣಹದ್ದುಗಳು ವಿಷವೇರಿ ಸತ್ತವು. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು. ತಾಮ್ರದ ಗುಂಡು ತುಸು ದುಬಾರಿ. ಆದರೆ ಮಿಗದಾಚೆಗಿನ ಸಾವೂ ಈಗ ಲೆಕ್ಕಕ್ಕೆ ಬಂದಿದೆ.

ಹಾಗಾದರೆ ಜಿಂಕೆಗೆ ಯಾವ ತೋಟಾ? ದಟ್ಟ ಕಾಡಿನಲ್ಲಿ, ನೂರು ಗಜದೊಳಗೆ, ನೂರಿಪ್ಪತ್ತೈದು ವರ್ಷ ದಾಟಿದ .30-30 ಇಂದಿಗೂ ಸಾಕು. ಬಯಲಿನಲ್ಲಾದರೆ .270 ಅಥವಾ .308. ಭುಜಕ್ಕೆ ಒದೆತ ಹೆಚ್ಚಾಗಿ ಕಣ್ಣು ಮುಚ್ಚಿಕೊಳ್ಳುವವರಿಗೆ 1955ರ .243. ಸ್ವೀಡನ್ನಿನವರು 1894ರ 6.5 ಮಿಲಿಮೀಟರಿನ ತೋಟಾದಲ್ಲಿ ಕುದುರೆಯಷ್ಟೆತ್ತರದ ಮೂಸ್‌ಗಳನ್ನೇ ಹೊಡೆಯುತ್ತ ಬಂದಿದ್ದಾರೆ. ಇವುಗಳಲ್ಲಿ ಯಾವುದನ್ನು ಹಿಡಿದರೂ ಕೊರತೆ ತೋಟಾದ್ದಾಗಿರುವುದಿಲ್ಲ. ತೋಟಾ ಎಷ್ಟು ದೂರ ಹೋಗುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ತಾನು ಎಷ್ಟು ದೂರಕ್ಕೆ ಆ ಸಣ್ಣ ತಟ್ಟೆಯಷ್ಟು ಜಾಗಕ್ಕೆ ತಪ್ಪದೆ ಹೊಡೆಯಬಲ್ಲೆ ಎಂಬುದನ್ನು ಹೊಡೆಯುವವನೇ ತಿಳಿದಿರಬೇಕು. ಅದರಾಚೆ ನಿಂತ ಮಿಗವನ್ನು ಅದರ ಪಾಡಿಗೆ ಬಿಡುವುದೂ ಆಯ್ಕೆಯ ಒಂದು ಭಾಗ.

ಮುಂದಿನ ನವೆಂಬರಿನಲ್ಲಿ ಕಾಫಿ ಯಂತ್ರದ ಬಳಿ ಆ ವಾದ ಮತ್ತೆ ಎದ್ದಾಗ ಒಂದು ನಿಮಿಷ ನಿಲ್ಲಬಹುದು ಎನಿಸುತ್ತದೆ. ನಾವು ಬೇಟೆಯಾಡದಿದ್ದರೂ ಸರಿ. ಗಾಯಗೊಂಡದ್ದನ್ನು ಹಿಂಬಾಲಿಸಿ ಹೋಗಿದ್ದೀಯಾ ಎಂದು ಒಂದು ಪ್ರಶ್ನೆ ಕೇಳಿದರೆ, ಎದುರಿಗಿರುವುದು ಎಂಥ ಬೇಟೆಗಾರ ಎಂಬುದು ಅವನ ಕೋವಿಯ ಅಂಕಿ ಕೇಳದೆಯೂ ತಿಳಿಯುತ್ತದೆ.